ತೊಗಟೆ ತಿನ್ನುವ ಹುಳು ಯಾವ ಮನೆತನದ್ದು?

ವಯಸ್ಸಾದ ಸೀಬೆ ಮರ ಕಂಡರೆ ಅದರ ಕವಲನ್ನು ಹತ್ತಿರದಿಂದ ನೋಡಿ. ಎರಡು ಕೊಂಬೆ ಕೂಡುವಲ್ಲಿ, ತೊಗಟೆಗೆ ಅಂಟಿಕೊಂಡು, ಬೆರಳಗಲದ ಕಂದು ಪಟ್ಟಿಯೊಂದು ಅಂಕುಡೊಂಕಾಗಿ ಹರಿದಿರುತ್ತದೆ. ಕಡ್ಡಿಯಿಂದ ಮೀಟಿದರೆ ಹಳೆಯ ಚಾಪೆಯ ಚೂರಿನ ಹಾಗೆ ಎದ್ದು ಬರುತ್ತದೆ. ರೇಷ್ಮೆ ಎಳೆ, ಅಗಿದ ತೊಗಟೆಯ ಚೂರು, ಹುಳುವಿನ ಹಿಕ್ಕೆ, ಈ ಮೂರನ್ನೂ ಸೇರಿಸಿ ನೇಯ್ದ ಹೊದಿಕೆ ಅದು. ಅದರಡಿಯ ತೊಗಟೆ ಕೆರೆದುಹೋಗಿ ಕೆಂಪಗಾಗಿರುತ್ತದೆ. ಪಟ್ಟಿಯ ಒಂದು ತುದಿ ಮರದ ತೂತಿಗೆ ಹೋಗಿ ಮುಟ್ಟುತ್ತದೆ. ಗೇಣುದ್ದದ ಆ ಸುರಂಗದಲ್ಲಿ ಸಾಮಾನ್ಯವಾಗಿ ಒಂದೇ ಹುಳು ಹಗಲೆಲ್ಲ ಅಡಗಿ ಕೂತಿರುತ್ತದೆ. ಕತ್ತಲಾದ ಮೇಲೆ ಹೊರಬಂದು, ಹೊದಿಕೆಯ ಮರೆಯಲ್ಲೇ ತೊಗಟೆ ಮೇಯ್ದು, ಬೆಳಗಾಗುವಷ್ಟರಲ್ಲಿ ಒಳಗೆ ಸೇರಿಕೊಳ್ಳುತ್ತದೆ.

ತೋಟಗಾರರು ಇದನ್ನು ತೊಗಟೆ ತಿನ್ನುವ ಹುಳು ಎನ್ನುತ್ತಾರೆ. ಸೀಬೆ, ಮಾವು, ನೇರಳೆ, ದಾಳಿಂಬೆ, ಬೋರೆ, ನುಗ್ಗೆ, ಸರ್ವೆ, ಶ್ರೀಗಂಧ, ಯಾವ ಮರವೂ ಇದಕ್ಕೆ ಆಗದು ಎನ್ನುವಂತಿಲ್ಲ. ಕೊಲ್ಲುವ ಉಪಾಯವೂ ಎಲ್ಲರಿಗೂ ಗೊತ್ತು: ಹೊದಿಕೆ ಕೆರೆದು ತೆಗೆ, ತಂತಿ ತೂರಿಸು, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕು, ಕೆಸರು ಮೆತ್ತು. ಆದರೆ ಈ ಹುಳು ಬೆಳೆದು ಯಾವ ಪತಂಗವಾಗುತ್ತದೆ, ಅದರ ನೆಂಟರು ಯಾರು, ಅದು ಮರದಿಂದ ನಿಜವಾಗಿ ಪಡೆಯುವುದೇನು ಎಂಬ ಪ್ರಶ್ನೆಗಳ ಸುತ್ತ ಒಂದೂಕಾಲು ಶತಮಾನದಿಂದ ಚರ್ಚೆ ನಡೆದೇ ಇದೆ. ಮೆಟಾರ್ಬೆಲಿಡೇ ಎಂಬುದು ಈ ಪತಂಗಗಳ ಕುಟುಂಬದ ಹೆಸರು. 2011ರಲ್ಲಿ ಹೊರಬಂದ ಜಾಗತಿಕ ಪಟ್ಟಿಯಲ್ಲಿ ಇದರ ಪಾಲು 18 ಕುಲ, 196 ಪ್ರಭೇದ. ಇದರ ದೊಡ್ಡಪ್ಪನ ಸಾಲಿನ ಕಾಸಿಡೇ ಕುಟುಂಬಕ್ಕೆ ಅದೇ ಪಟ್ಟಿಯಲ್ಲಿ 151 ಕುಲ, 971 ಪ್ರಭೇದ. ಮೆಟಾರ್ಬೆಲಿಡೇಯ ಮುಖ್ಯ ನೆಲೆ ಆಫ್ರಿಕ, ದಕ್ಷಿಣ ಏಷ್ಯಾ, ಆಗ್ನೇಯ ಏಷ್ಯಾ. ಯುರೋಪಿನಲ್ಲೂ ಅಮೆರಿಕದಲ್ಲೂ ಇಲ್ಲದ ಕೀಟ ಅಲ್ಲಿನ ವಿದ್ವಾಂಸರ ಕಣ್ಣಿಗೆ ಬೀಳುವುದು ಕಡಿಮೆ. ನಮ್ಮಲ್ಲಿ ಅದು ಪೀಡೆಯೆಂದಷ್ಟೇ ಕಣ್ಣಿಗೆ ಬಿತ್ತು. ಅಧ್ಯಯನ ಹಿಂದುಳಿಯಲು ಈ ಎರಡೂ ಕಾರಣ.

ಹೆಸರು ಹಿಡಿದು ಹೊರಟರೆ

ಭಾರತದ ತೊಗಟೆ ಹುಳುಗಳಲ್ಲಿ ಹೆಚ್ಚು ಸುದ್ದಿಯಲ್ಲಿರುವವು ಎರಡು: ಇಂಡಾರ್ಬೆಲಾ ಕ್ವಾಡ್ರಿನೊಟಾಟ ಮತ್ತು ಇಂಡಾರ್ಬೆಲಾ ಟೆಟ್ರಾವೊನಿಸ್. ಮೊದಲನೆಯದನ್ನು 1856ರಲ್ಲಿ ಫ್ರಾನ್ಸಿಸ್ ವಾಕರ್ ವಿವರಿಸಿದ, ಎರಡನೆಯದನ್ನು 1879ರಲ್ಲಿ ಫ್ರೆಡರಿಕ್ ಮೂರ್. ಇಬ್ಬರೂ ಲಂಡನ್ನಿನ ಸಂಗ್ರಹಾಲಯಗಳಲ್ಲಿ ಕೂತು, ಸೂಜಿ ಚುಚ್ಚಿಟ್ಟ ಒಣ ಪತಂಗಗಳನ್ನು ನೋಡಿ ಬರೆದವರು. ಅದು ಯಾವ ಮರದಲ್ಲಿ ಬೆಳೆದದ್ದು, ಅದರ ಹುಳು ಹೇಗಿತ್ತು ಎಂಬುದು ಅವರ ಮೇಜಿನ ಮೇಲೆ ಇರಲಿಲ್ಲ.

ಕುಟುಂಬ ಎಂಬ ಪಟ್ಟ ದೊರೆತದ್ದು ಜಾರ್ಜ್ ಹ್ಯಾಂಪ್ಸನ್ ಕಾಲಕ್ಕೆ. ಬ್ರಿಟಿಷ್ ಮ್ಯೂಸಿಯಂ ಸೇರುವ ಮೊದಲು ಹ್ಯಾಂಪ್ಸನ್ ನೀಲಗಿರಿಯಲ್ಲಿ ಚಹಾ ಬೆಳೆಯುತ್ತಿದ್ದ ಮನುಷ್ಯ. ದಕ್ಷಿಣ ಭಾರತದ ಪತಂಗಗಳನ್ನು ಜೀವಂತವಾಗಿ ಕಂಡವನು. 1892ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲ ಮಾಲೆಯ ಪತಂಗಗಳ ಮೊದಲ ಸಂಪುಟದಲ್ಲಿ ತೊಗಟೆ ಹುಳುಗಳ ಪತಂಗಗಳನ್ನು ಕಾಸಿಡೇಯಿಂದ ಬೇರ್ಪಡಿಸಿ, ಮೂರ್ ಕೊಟ್ಟಿದ್ದ ಆರ್ಬೆಲಾ ಎಂಬ ಕುಲನಾಮದ ಆಧಾರದ ಮೇಲೆ ಆರ್ಬೆಲಿಡೇ ಎಂದು ಕರೆದ. ತೊಡಕು ಹುಟ್ಟಿದ್ದು ಇಲ್ಲಿ. ಆರ್ಬೆಲಾ ಎಂಬ ಹೆಸರನ್ನು 1866ರಲ್ಲೇ ಒಂದು ತಿಗಣೆಗೆ ಇಟ್ಟಾಗಿತ್ತು. ಪ್ರಾಣಿಗಳ ನಾಮಕರಣದ ನಿಯಮದಲ್ಲಿ ಒಂದೇ ಕುಲನಾಮವನ್ನು ಇಬ್ಬರು ಹೊರುವಂತಿಲ್ಲ. 1922ರಲ್ಲಿ, ಆಗ ಭಾರತ ಸರ್ಕಾರದ ಕೀಟತಜ್ಞನಾಗಿದ್ದ ಬೇನ್‌ಬ್ರಿಗ್ ಫ್ಲೆಚರ್ ನಮ್ಮ ಹುಳುವಿಗೆ ಇಂಡಾರ್ಬೆಲಾ ಎಂದು ಹೊಸ ಹೆಸರಿಟ್ಟ. ಅಷ್ಟರಲ್ಲಿ, 1909ರಲ್ಲಿ, ಎಂಬ್ರಿಕ್ ಸ್ಟ್ರಾಂಡ್ ಆಫ್ರಿಕದ ಮೆಟಾರ್ಬೆಲಾ ಕುಲವನ್ನು ಆಧರಿಸಿ ಮೆಟಾರ್ಬೆಲಿಡೇ ಎಂಬ ಕುಟುಂಬನಾಮ ಕೊಟ್ಟಾಗಿತ್ತು. ಉಳಿದದ್ದು ಅದೇ.

ಇದು ಬರೀ ಕಾಗದದ ಮೇಲಿನ ಜಗಳವಲ್ಲ. ಹಳೆಯ ಕೃಷಿ ಪುಸ್ತಕಗಳಲ್ಲಿ ಈ ಹುಳು ಒಂದು ಕಡೆ ಆರ್ಬೆಲಿಡೇ, ಇನ್ನೊಂದು ಕಡೆ ಇಂಡಾರ್ಬೆಲಿಡೇ, ಮತ್ತೊಂದು ಕಡೆ ಕಾಸಿಡೇ. ಒಂದೇ ಜೀವಿಯ ಬಗ್ಗೆ ಬೇರೆ ಬೇರೆಯವರು ಕಂಡುಕೊಂಡದ್ದು ಬೇರೆ ಬೇರೆ ತಲೆಬರಹದಡಿ ಚದುರಿಹೋಯಿತು. ಇವನ್ನೆಲ್ಲ ಒಟ್ಟಿಗೆ ಓದದೆ ಹೋದವರಿಗೆ ಇದು ಅರೆಬರೆ ತಿಳಿದ ಹುಳುವಾಗಿಯೇ ಉಳಿಯಿತು.

ಪ್ರತ್ಯೇಕ ಕುಟುಂಬವೇ, ಕಾಸಿಡೇಯ ಒಂದು ಕವಲೇ?

ಕಾಸಿಡೇ ಎಂದರೆ ಮರಕೊರಕ ಪತಂಗಗಳ ಹಿರಿಯ ಮನೆ. ಲಿನೇಯಸ್ 1758ರಲ್ಲೇ ಹೆಸರಿಸಿದ ಯುರೋಪಿನ ಕಾಸಸ್ ಕಾಸಸ್ ಈ ಮನೆಯ ಹಿರೀಕ. ಆಡಿನ ವಾಸನೆ ಹೊಡೆಯುವ ಇದರ ಹುಳು ವಿಲೋ ಮರಗಳನ್ನು ಕೊರೆಯುತ್ತದೆ. ಕಾಫಿ ಬೆಳೆಗಾರರು ಬಲ್ಲ ಕೆಂಪು ಕಾಂಡಕೊರಕ ಜ್ಯೂಜೆರಾ ಕಾಫಿಯೇ ಇದೇ ಮನೆಯದು. 1861ರಲ್ಲಿ ಸಿಲೋನಿನ ಕಾಫಿ ಶತ್ರುಗಳ ಬಗ್ಗೆ ಬರೆಯುತ್ತ ಯೋಹಾನ್ನೆಸ್ ನೀಟ್ನರ್ ಅದಕ್ಕೆ ಹೆಸರಿಟ್ಟ. ಆಸ್ಟ್ರೇಲಿಯದ ಎಂಡಾಕ್ಸಿಲಾ ಸಿನೇರಿಯಸ್ ಕೂಡ ಇಲ್ಲಿಯದೇ. ಅದರ ಹೆಣ್ಣು 30 ಗ್ರಾಂವರೆಗೆ ತೂಗುತ್ತದೆ, ಪತಂಗಗಳಲ್ಲೇ ಅತಿ ಭಾರದ್ದು.

ಮೆಟಾರ್ಬೆಲಿಡೇಯನ್ನು ಈ ಮನೆಯಿಂದ ಬೇರೆ ಇಡಬೇಕು ಎನ್ನುವವರು ರೆಕ್ಕೆಯನ್ನು ಮುಂದಿಡುತ್ತಾರೆ. ಪತಂಗ ಹಾರುವಾಗ ಮುಂದಿನ ಹಿಂದಿನ ರೆಕ್ಕೆಗಳನ್ನು ಒಟ್ಟಿಗೆ ಹಿಡಿಯುವ ಮುಳ್ಳು-ಕೊಕ್ಕೆಯ ಏರ್ಪಾಡು ಇವುಗಳಲ್ಲಿ ನಶಿಸಿದೆ. ರೆಕ್ಕೆಯ ನರಗಳ ಹೆಣಿಗೆಯೂ ಕಾಸಿಡೇಯದಕ್ಕಿಂತ ಸರಳ. ಬೋರ್ನಿಯೋದ ಪತಂಗಗಳ ಮಾಲೆಯ ಮೊದಲ ಭಾಗದಲ್ಲಿ, 1986ರಲ್ಲಿ, ಜೆರೆಮಿ ಹಾಲೊವೇ ಕಾಸಿಡೇ, ಮೆಟಾರ್ಬೆಲಿಡೇ, ರಟಾರ್ಡಿಡೇ, ಡಜಿಯೊನೀಡೇ ನಾಲ್ಕನ್ನೂ ಬೇರೆ ಬೇರೆ ಕುಟುಂಬಗಳಾಗಿಯೇ ಇಟ್ಟ. ಈ ಪಕ್ಷದ ಬಲ ಬಳಕೆಯಲ್ಲಿದೆ: ಕೈಗೆ ಸಿಕ್ಕ ಪತಂಗ ಯಾವ ಗುಂಪಿನದೆಂದು ಭೂತಗನ್ನಡಿಯಲ್ಲೇ ಹೇಳಿಬಿಡಬಹುದು.

ಎದುರು ಪಕ್ಷದವರ ಆಕ್ಷೇಪವೂ ಗಟ್ಟಿಯಾದದ್ದೇ. ಒಂದು ಅಂಗ ಇಲ್ಲದಿರುವುದು ಬಂಧುತ್ವಕ್ಕೆ ಸಾಕ್ಷಿಯಾಗದು. ದುರ್ಬಲವಾಗಿ ಹಾರುವ, ಅಲ್ಪಾಯುಷಿ ಪತಂಗಗಳಲ್ಲಿ ಅಂಗಗಳು ಬೇರೆ ಬೇರೆ ಸಲ, ಬೇರೆ ಬೇರೆ ವಂಶಗಳಲ್ಲಿ ಕಳೆದುಹೋಗಬಲ್ಲವು. ಇನ್ನೂ ಮುಖ್ಯವಾದ ತೊಡಕು ಕಾಸಿಡೇಯ ಕಡೆಯೇ ಇದೆ. ಆ ಕುಟುಂಬವನ್ನು ಗುರುತಿಸಲು ಬಳಸುತ್ತ ಬಂದ ರೆಕ್ಕೆಯ ನರವಿನ್ಯಾಸ ಪೂರ್ವಿಕರಿಂದ ಹಾಗೆಯೇ ಉಳಿದು ಬಂದ ಲಕ್ಷಣ. ಹಳೆಯದನ್ನು ಉಳಿಸಿಕೊಂಡವರನ್ನೆಲ್ಲ ಒಂದು ಮನೆಗೆ ಸೇರಿಸಿದರೆ ಅದು ವಂಶವಾಗುವುದಿಲ್ಲ. ನೆದರ್‌ಲ್ಯಾಂಡ್ಸಿನ ಸ್ಕೂರ್ಲ್ 1990ರಲ್ಲಿ ಪ್ರೌಢ ಪತಂಗಗಳ ಹೊರರೂಪವನ್ನು ಕೂಲಂಕಷವಾಗಿ ಹೋಲಿಸಿ ಕಾಸಿಡೇಯ ವಂಶವೃಕ್ಷ ಬರೆಯಲು ಹೊರಟದ್ದು ಈ ಗೋಜಲು ಬಿಡಿಸಲೆಂದೇ. ರೆಕ್ಕೆ ಬಿಟ್ಟು ಹುಳುವನ್ನೂ ಕೋಶವನ್ನೂ ನೋಡಿದರೆ ಸಾಮ್ಯ ಎದ್ದು ಕಾಣುತ್ತದೆ. ಎರಡೂ ಗುಂಪುಗಳಲ್ಲಿ ಕೋಶದ ಬೆನ್ನ ಮೇಲೆ ಸಾಲು ಮುಳ್ಳುಗಳಿವೆ. ಅವುಗಳ ಆಸರೆಯಲ್ಲಿ ಅದು ಸುರಂಗದ ಬಾಯಿಗೆ ತೆವಳಿ, ಅರ್ಧ ಮೈ ಹೊರಚಾಚುತ್ತದೆ. ಪತಂಗ ಹಾರಿಹೋದ ಮೇಲೆ ಖಾಲಿ ಸಿಪ್ಪೆ ತೂತಿನಲ್ಲಿ ಹಾಗೆಯೇ ನಿಂತಿರುತ್ತದೆ. ಮುಂಗಾರಿನ ಮೊದಲ ಮಳೆಯ ಹೊತ್ತಿಗೆ ತೋಟದಲ್ಲಿ ಅಡ್ಡಾಡುವವರು ಇದನ್ನು ಕಂಡಿರುತ್ತಾರೆ.

ವಂಶವಾಹಿಗಳ ಕಾಲ ಬಂದಾಗ ತೀರ್ಪು ಸಿಕ್ಕೇಬಿಡುತ್ತದೆ ಎಂಬ ನಿರೀಕ್ಷೆಯಿತ್ತು. 2010ರಲ್ಲಿ ಮುಟಾನೆನ್, ವಾಲ್‌ಬರ್ಗ್, ಕೈಲಾ ಅವರ ತಂಡ ಸುಮಾರು 350 ಚಿಟ್ಟೆ-ಪತಂಗಗಳ ಎಂಟು ಜೀನ್‌ಗಳನ್ನು ಹೋಲಿಸಿತು. 2013ರಲ್ಲಿ ರೆಜಿಯರ್ ಮತ್ತು ಸಂಗಡಿಗರು 483 ಮಾದರಿ, 19 ಜೀನ್‌ಗಳವರೆಗೆ ಹೋದರು. ಮರಕೊರಕಗಳ ಮಟ್ಟಿಗೆ ಇವು ಹೇಳಿದ್ದು ಬೇರೆಯೇ ಕಥೆ: ಕಾಸಿಡೇ ಎಂಬುದು ಒಂದೇ ಕೊಂಬೆಯಾಗಿ ನಿಲ್ಲುವುದಿಲ್ಲ. ಅದರ ಸದಸ್ಯರ ನಡುನಡುವೆ ಬೇರೆ ಕುಟುಂಬಗಳು ಹೊಕ್ಕಿವೆ. ಕಣಜದ ವೇಷ ಹಾಕುವ, ಪಾರದರ್ಶಕ ರೆಕ್ಕೆಯ ಸೆಸಿಡೇ, ಹಗಲಲ್ಲಿ ಚಿಟ್ಟೆಯಂತೆ ಹಾರುವ ಕ್ಯಾಸ್ಟ್ನಿಡೇ ಇವೆಲ್ಲ ಕಾಸಿಡೇ ಸೇರಿದ ಮಹಾಕುಟುಂಬದ ಬಂಧುಬಳಗ. 2015ರಲ್ಲಿ ಹೈಕಿಲಾ ಮತ್ತು ಜೊತೆಗಾರರು ಜೀನ್‌ಗಳ ಜೊತೆಗೆ 530 ದೇಹಲಕ್ಷಣಗಳನ್ನೂ ಸೇರಿಸಿ ನೋಡಿದರು. ಆಗಲೂ ಪತಂಗಗಳ ಆಳದ ಕವಲುಗಳು ಜಾರಿಕೊಳ್ಳುತ್ತಲೇ ಇದ್ದವು.

ಮೂರನೆಯ ಪಕ್ಷವೂ ಒಂದಿದೆ, ಅದರ ಮಾತಿನಲ್ಲಿ ನನಗೆ ಹೆಚ್ಚು ಹುರುಳು ಕಾಣುತ್ತದೆ. ಕಾಸಿಡೇಯೇ ಒಂದು ಮನೆಯಲ್ಲ ಎಂದಾದ ಮೇಲೆ, ಮೆಟಾರ್ಬೆಲಿಡೇ ಅದರ ಒಳಗೋ ಹೊರಗೋ ಎಂದು ಕೇಳಿದರೆ ಅರ್ಥವಿಲ್ಲ. ಯಾವ ಕಾಸಿಡ್ ಗುಂಪಿಗೆ ಇದು ಹತ್ತಿರ ಎಂದು ಕೇಳಬೇಕು. ಆದರೆ ಈ ವಿಶ್ಲೇಷಣೆಗಳಲ್ಲಿ ಮೆಟಾರ್ಬೆಲಿಡೇಯ ಪ್ರತಿನಿಧಿಗಳು ಬೆರಳೆಣಿಕೆಯಷ್ಟು. ಸುಮಾರು ಇನ್ನೂರು ಪ್ರಭೇದಗಳ ಪರವಾಗಿ ಒಂದೆರಡು ಮಾತಾಡಿದರೆ ಅದನ್ನು ಕೊನೆಯ ಮಾತೆಂದು ಒಪ್ಪುವುದು ಕಷ್ಟ. ಬೇರೆ ಕುಟುಂಬವೆಂಬ ಹೆಸರನ್ನು ಸದ್ಯಕ್ಕೆ ಹಾಗೆಯೇ ಇಟ್ಟುಕೊಂಡು ಮಾದರಿ ಹೆಚ್ಚಿಸುವುದು ಸರಿಯಾದ ದಾರಿ.

ಕೊರೆಯುವುದೆಲ್ಲ ತಿನ್ನುವುದಲ್ಲ

ಎರಡನೆಯ ಚರ್ಚೆ ಹೊಟ್ಟೆಯದು. ಎಲೆಯಲ್ಲಿ ಒಣತೂಕದ ಲೆಕ್ಕಕ್ಕೆ ಸಾರಜನಕ ನೂರಕ್ಕೆ 1ರಿಂದ 5 ಪಾಲು ಇರುತ್ತದೆ. ಕಟ್ಟಿಗೆಯಲ್ಲಿ ಅದು ನೂರಕ್ಕೆ ಅರ್ಧ ಪಾಲೂ ಇರುವುದಿಲ್ಲ, ಹಲವು ಮರಗಳಲ್ಲಿ ಹತ್ತನೇ ಒಂದು ಪಾಲಿನ ಆಸುಪಾಸು. ಇಂಥ ಬಡ ಆಹಾರದಲ್ಲಿ ಕೈಬೆರಳು ಗಾತ್ರದ ಹುಳು ಬೆಳೆಯುವುದಾದರೂ ಹೇಗೆ?

ಮೊದಲ ಉತ್ತರ: ನಿಧಾನವಾಗಿ. ಯುರೋಪಿನ ಕಾಸಸ್ ಹುಳು ಮರದೊಳಗೆ ಮೂರು ನಾಲ್ಕು ವರ್ಷ ಕಳೆಯುತ್ತದೆ. ಇದೇ ಹುಳುವನ್ನು ಹೇಗ್ ನಗರದ ವಕೀಲ ಪಿಯೆರ್ ಲಿಯೊನೆ ಹದಿನೆಂಟನೇ ಶತಮಾನದಲ್ಲಿ ಸೀಳಿ ನೋಡಿದ. 1760ರಲ್ಲಿ ಪ್ರಕಟವಾದ ಅವನ ಗ್ರಂಥದ ಚಿತ್ರಫಲಕಗಳನ್ನು ಕೊರೆದವನೂ ಅವನೇ. ಒಂದೇ ಹುಳುವಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸ್ನಾಯುಗಳನ್ನು ಅವನು ಎಣಿಸಿದ. ಒಂದು ಕೀಟದ ದೇಹದ ಬಗ್ಗೆ ಅಷ್ಟು ತಾಳ್ಮೆಯ ಕೆಲಸ ಅದಕ್ಕೆ ಹಿಂದೆ ನಡೆದಿರಲಿಲ್ಲ. ಆದರೂ ಆ ಹುಳುವಿನ ಕರುಳಿನಲ್ಲಿ ಕಟ್ಟಿಗೆ ಹೇಗೆ ಅರಗುತ್ತದೆ ಎಂಬುದು ಶಸ್ತ್ರಕ್ಕೆ ಸಿಗುವ ಸಂಗತಿಯಾಗಿರಲಿಲ್ಲ.

ಎರಡನೆಯ ಉತ್ತರ ಕರುಳಿನ ಸೂಕ್ಷ್ಮಜೀವಿಗಳತ್ತ ಬೊಟ್ಟು ಮಾಡುತ್ತದೆ. ಗೆದ್ದಲಿನಲ್ಲಿ ಅವು ಕಟ್ಟಿಗೆ ಅರಗಿಸಲು ನೆರವಾಗುವುದು ಸಾಬೀತಾದ ಸತ್ಯ. ಅದೇ ಲೆಕ್ಕವನ್ನು ಪತಂಗದ ಹುಳುಗಳಿಗೆ ಹಾಕುವಾಗ ಎಚ್ಚರ ಬೇಕು. ಪತಂಗದ ಹುಳುವಿನ ಕರುಳು ನೆಟ್ಟನೆಯ ಕೊಳವೆ, ಆಹಾರ ಬೇಗ ಸಾಗಿಹೋಗುತ್ತದೆ, ಒಳಗೆ ಕ್ಷಾರ ಹೆಚ್ಚು. ಗೆದ್ದಲಿನ ಹೊಟ್ಟೆಯಲ್ಲಿರುವಂತೆ ಸೂಕ್ಷ್ಮಜೀವಿಗಳು ನೆಲೆಯೂರುವ ವಿಶಾಲ ಕೋಣೆ ಅಲ್ಲಿಲ್ಲ.

ಮೂರನೆಯ ಉತ್ತರ ಪ್ರಶ್ನೆಯನ್ನೇ ತಿರುಗಿಸುತ್ತದೆ: ಈ ಹುಳುಗಳಲ್ಲಿ ಹಲವು ಮರವನ್ನು ತಿನ್ನುವುದೇ ಇಲ್ಲ. ಇಂಡಾರ್ಬೆಲಾ ಇದಕ್ಕೆ ಕಣ್ಣೆದುರಿನ ಉದಾಹರಣೆ. ಅದರ ಸುರಂಗ ಬರೀ ಮನೆ, ಊಟ ಹೊರಗಿನ ತೊಗಟೆ. ಹುಳು ಹತ್ತಿರ ಹತ್ತಿರ ಹತ್ತು ತಿಂಗಳು ಬದುಕಿದರೂ ಸುರಂಗ 15ರಿಂದ 25 ಸೆಂಟಿಮೀಟರಿಗೇ ನಿಲ್ಲುತ್ತದೆ. ಅದು ಕಟ್ಟಿಗೆ ತಿಂದೇ ಬದುಕುತ್ತಿದ್ದರೆ ಸುರಂಗ ಇಷ್ಟಕ್ಕೆ ನಿಲ್ಲುತ್ತಿರಲಿಲ್ಲ. ತೊಗಟೆಯ ಒಳಪದರದಲ್ಲಿ ಮರದ ಸಕ್ಕರೆ ಹರಿಯುತ್ತದೆ, ಜೀವಕೋಶಗಳು ಹಸಿಯಾಗಿರುತ್ತವೆ. ಪೋಷಣೆಯ ಲೆಕ್ಕದಲ್ಲಿ ಅದು ಕಟ್ಟಿಗೆಗಿಂತ ಎಲೆಗೆ ಹತ್ತಿರ. ಕಟ್ಟಿಗೆಯೊಂದೇ ಊಟವಲ್ಲ ಎಂಬ ಸುಳಿವು ಕಾಸಿಡೇಯಲ್ಲೂ ಇದೆ. ಮಧ್ಯ ಆಸ್ಟ್ರೇಲಿಯದ ಮೂಲನಿವಾಸಿಗಳು ಅಗೆದು ತಿನ್ನುವ ವಿಚೆಟಿ ಹುಳು, ಅಂದರೆ ಎಂಡಾಕ್ಸಿಲಾ ಲ್ಯೂಕೊಮೊಕ್ಲಾ, ಅಕೇಶಿಯಾ ಪೊದೆಯ ಬೇರಿನಲ್ಲಿ ಬೆಳೆದು ಕೊಬ್ಬುತ್ತದೆ. ಜಪಾನಿನ ಓಕ್ ಕಾಡುಗಳಲ್ಲಿ ಯೋಷಿಮೊಟೊ ಮತ್ತು ನಿಶಿದಾ 2007ರಲ್ಲಿ ವರದಿ ಮಾಡಿದಂತೆ, ಕಾಸಿಡ್ ಹುಳುಗಳು ಕೊರೆದ ಕಡೆ ಮರದ ರಸ ಜಿನುಗುತ್ತಲೇ ಇರುತ್ತದೆ, ಅದಕ್ಕೆ ಹಲವು ಬಗೆಯ ಕೀಟಗಳು ಮುತ್ತುತ್ತವೆ.

ಪಶ್ಚಿಮ ಘಟ್ಟದಲ್ಲಿ ಇನ್ನೊಂದು ಹುಳುವಿದೆ, ಸಹ್ಯಾಡ್ರಾಸಸ್ ಮಲಬಾರಿಕಸ್. ಎಳೆಯ ತೇಗದ ಕಾಂಡದ ತಿರುಳಿನಲ್ಲಿ ಸುರಂಗ ತೋಡಿ, ಬಾಯಿಗೆ ರೇಷ್ಮೆ ಮತ್ತು ತೊಗಟೆ ಚೂರಿನ ದಪ್ಪ ಮುಚ್ಚಳ ಹಾಕಿಕೊಂಡು, ಗಾಯದ ಅಂಚಿನಲ್ಲಿ ಹೊಸದಾಗಿ ಬೆಳೆಯುವ ತೊಗಟೆಯನ್ನು ಮೇಯುತ್ತದೆ. ನೋಡಿದರೆ ಇಂಡಾರ್ಬೆಲಾದ ಅಣ್ಣನೆನ್ನಬೇಕು. ಆದರೆ ಅದು ಹೆಪಿಯಾಲಿಡೇ ಎಂಬ ಅತಿ ಪ್ರಾಚೀನ ಕುಟುಂಬಕ್ಕೆ ಸೇರಿದ್ದು, ಕಾಸಿಡೇಗೂ ಅದಕ್ಕೂ ಬಹು ದೂರ. ಎರಡು ದೂರದ ವಂಶಗಳು ಒಂದೇ ಬದುಕನ್ನು ಬೇರೆ ಬೇರೆಯಾಗಿ ಕಲಿತಿವೆ. ಹೊದಿಕೆ, ಸುರಂಗ, ರಾತ್ರಿ ಮೇಯುವ ಚಾಳಿ ಇವನ್ನು ನೋಡಿ ನೆಂಟಸ್ತಿಕೆ ಹೇಳುವವರು ಈ ಹುಳುವನ್ನು ಮರೆಯಬಾರದು.

ಹಾಗೆಂದು ಮೂರನೆಯ ಉತ್ತರವನ್ನು ಎಲ್ಲಕ್ಕೂ ಹಚ್ಚುವಂತಿಲ್ಲ. ಸೊರಗಿದ ಕಾಫಿ ಗಿಡದ ಬುಡದಲ್ಲಿ ಕೆಂಪು ಕಾಂಡಕೊರಕ ತಳ್ಳಿದ ಹಿಕ್ಕೆಗಳ ರಾಶಿಯನ್ನು ಕೈಗೆತ್ತಿಕೊಂಡು ನೋಡಿ. ಒಂದೊಂದೂ ಸಣ್ಣ ಉರುಟು ತುಂಡು, ಒಡೆದರೆ ಬರೀ ನಾರು. ಆ ಕಾಂಡವನ್ನು ಸೀಳಿದರೆ ಸುರಂಗ ಮೊಳದುದ್ದಕ್ಕೂ ಹೋಗಿರುತ್ತದೆ. ಇದು ಕಟ್ಟಿಗೆಯನ್ನು ಒಳಗಿನಿಂದಲೇ ತಿಂದು ಸಾಗುವ ಹುಳು. ಇಷ್ಟು ಹತ್ತಿರದ ನೆಂಟರ ನಡುವೆ ಆಹಾರಕ್ರಮ ಇಷ್ಟು ಬೇರೆಯಾದದ್ದು ಹೇಗೆ? ವಂಶವೃಕ್ಷದ ಪ್ರಶ್ನೆ ಬಗೆಹರಿಯದೆ ಇದಕ್ಕೂ ಉತ್ತರವಿಲ್ಲ. ತೊಗಟೆ ಮೇಯುವುದು ಮೊದಲ ಹಂತವೋ, ಕಟ್ಟಿಗೆಯಿಂದ ಹೊರಬಂದವರ ಹೊಸ ದಾರಿಯೋ ಎಂದು ಹೇಳಲು ಯಾರು ಯಾರಿಂದ ಕವಲೊಡೆದರು ಎಂಬುದು ಮೊದಲು ತಿಳಿಯಬೇಕು.

ಗಟ್ಟಿ ಮರವೇ, ಸೊರಗಿದ ಮರವೇ?

ಬೆಳೆಗಾರರಿಗೆ ಮುಖ್ಯವಾದ ಚರ್ಚೆ ಇದು. ಮರಕೊರಕ ಬರುವುದು ಮರ ಸೊರಗಿದ ಮೇಲೋ, ಅಥವಾ ಅದು ಬಂದದ್ದರಿಂದ ಮರ ಸೊರಗುವುದೋ?

ಡೆಹ್ರಾಡೂನಿನ ಅರಣ್ಯ ಕೀಟತಜ್ಞ ಸಿ.ಎಫ್.ಸಿ. ಬೀಸನ್ ಬರ್ಮಾದ ತೇಗದಲ್ಲಿ ಕಾಣುವ ತೂತುಗಳ ಬೆನ್ನು ಹತ್ತಿದ್ದು 1920ರ ದಶಕದ ಆರಂಭದಲ್ಲಿ. ಕ್ಸೈಲ್ಯೂಟಿಸ್ ಸೆರಾಮಿಕಾ ಎಂಬ ಕಾಸಿಡ್ ಅದರ ಕಾರಣ. ಮರ ಸಾಯುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಆದರೆ ಕೊಯ್ದ ಹಲಗೆಯಲ್ಲಿ ವರ್ಷ ವರ್ಷದ ತೂತುಗಳು ಉಳಿದು ಬೆಲೆ ಬಿದ್ದುಹೋಗುತ್ತದೆ. ಇಲ್ಲಿ ಹುಳು ಆರಿಸಿದ್ದು ಚೆನ್ನಾಗಿ ಬದುಕಿರುವ ಮರವನ್ನೇ. ಕೇರಳದ ತೇಗದಲ್ಲಿ ಬೇರೆಯ ಚಿತ್ರ. ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಕಡಂಬೇ ಎಂಬ ಕಾಸಿಡ್ ಪ್ರಭೇದದ ಹಾವಳಿಯನ್ನು ನೋಡಿದಾಗ, ಅದು ಊರಿಗೆ ಹತ್ತಿರದ, ಸೌದೆಗೂ ಸೊಪ್ಪಿಗೂ ಜನ ಕೊಂಬೆ ಕಡಿದ ನೆಡುತೋಪುಗಳಲ್ಲೇ ಹೆಚ್ಚಾಗಿತ್ತು. ಕೆ.ಎಸ್.ಎಸ್. ನಾಯರ್ 2007ರಲ್ಲಿ ಉಷ್ಣವಲಯದ ಅರಣ್ಯ ಕೀಟಗಳ ಬಗ್ಗೆ ಬರೆದ ಗ್ರಂಥದಲ್ಲಿ ಈ ಸಂಬಂಧವನ್ನು ವಿವರಿಸಿದ್ದಾರೆ. ಗಾಯವೇ ಹುಳುವಿಗೆ ಬಾಗಿಲು.

ಮೂರನೆಯ ಬಗೆಯದು ದಕ್ಷಿಣ ಆಫ್ರಿಕದ ಪ್ರಸಂಗ. ಅಲ್ಲಿನ ಸ್ಥಳೀಯ ಕಾಸಿಡ್ ಕೊರಿಫೊಡೆಮಾ ಟ್ರಿಸ್ಟಿಸ್ ಹಿಂದಿನಿಂದಲೂ ಸ್ಥಳೀಯ ಮರಗಳಲ್ಲೂ ಹಣ್ಣಿನ ಗಿಡಗಳಲ್ಲೂ ಇತ್ತು. 2004ರಲ್ಲಿ ಅದು ಇದ್ದಕ್ಕಿದ್ದಂತೆ ಹೊರನಾಡಿನ ಯೂಕಲಿಪ್ಟಸ್ ನೈಟೆನ್ಸ್ ನೆಡುತೋಪಿನಲ್ಲಿ ಕಾಣಿಸಿಕೊಂಡಿತು. ಸೊರಗಿದ ಮರ, ಗಾಯಗೊಂಡ ಮರ ಎಂಬ ವಿವರಣೆ ಇಲ್ಲಿ ಸಾಲದು. ಹಳೆಯ ಹುಳು ಹೊಸ ಮರವನ್ನು ಒಪ್ಪಿಕೊಂಡಿತು, ಅಷ್ಟೇ.

ಕರ್ನಾಟಕಕ್ಕೆ ಇದು ದೂರದ ಸುದ್ದಿಯಲ್ಲ. 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಖಾಸಗಿ ಜಮೀನಿನ ಶ್ರೀಗಂಧ ಮಾಲೀಕನದೇ ಎಂದಾದ ಮೇಲೆ ಹೊಲಗಳಲ್ಲಿ ಗಂಧದ ತೋಪುಗಳು ಎದ್ದವು. ಕಾಡಿನಲ್ಲಿ ಬಿಡಿಬಿಡಿಯಾಗಿ, ಬೇರೆ ಗಿಡಗಳ ಬೇರಿನಿಂದ ಪಾಲು ಪಡೆದು ಬೆಳೆಯುವ ಮರ ಇಲ್ಲಿ ಸಾಲುಸಾಲಾಗಿ ನಿಂತಿದೆ. ಕೆಂಪು ಕಾಂಡಕೊರಕವೂ ತೊಗಟೆ ತಿನ್ನುವ ಹುಳುವೂ ಎರಡೂ ಶ್ರೀಗಂಧಕ್ಕೆ ಬೀಳುವುದನ್ನು ಬೆಂಗಳೂರಿನ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ದಾಖಲಿಸಿದ್ದಾರೆ. ಗಂಧದ ಬೆಲೆ ಅದರ ಚೇಗಿನಲ್ಲಿ. ಹತ್ತಾರು ವರ್ಷ ಕಾದ ಬೆಳೆಗಾರನಿಗೆ ಕಾಂಡದ ಒಂದು ಸುರಂಗವೂ ದೊಡ್ಡ ನಷ್ಟ. ನೀರಿನ ಕೊರತೆ, ಕೊಂಬೆ ಕಡಿತ, ಒತ್ತಾಗಿ ನೆಟ್ಟದ್ದು, ಇವುಗಳಲ್ಲಿ ಯಾವುದು ಎಷ್ಟರ ಮಟ್ಟಿಗೆ ಹುಳುವನ್ನು ಕರೆಯುತ್ತದೆ ಎಂಬುದು ಔಷಧಿ ಅಂಗಡಿಗೆ ಹೋಗುವ ಮೊದಲೇ ಕೇಳಬೇಕಾದ ಪ್ರಶ್ನೆ.

ತೋಟದಾಚೆಯ ಬದುಕು

ಪೀಡೆ ಎಂಬ ಮಾತು ಈ ಕುಟುಂಬದ ಬಹುಪಾಲಿಗೆ ಸಲ್ಲದು. ಆಫ್ರಿಕದ ಮೆಟಾರ್ಬೆಲಿಡೇಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ ಹೊಸ ಪ್ರಭೇದಗಳನ್ನು ಹೆಸರಿಸಿದ ಇಂಗೊ ಲೇಮನ್ ಕೀನ್ಯಾ ಕರಾವಳಿಯ ಕಾಯಾ ಕಾಡುಗಳಲ್ಲೂ ಕೆಲಸ ಮಾಡಿದ್ದಾರೆ. ಮಿಜಿಕೆಂಡಾ ಜನ ಪವಿತ್ರವೆಂದು ಉಳಿಸಿಕೊಂಡ ತುಂಡು ಕಾಡುಗಳು ಅವು, ಕೊಡಗಿನ ದೇವರಕಾಡುಗಳ ಬಗೆಯವು. ಈ ಪತಂಗಗಳು ದೂರ ಹಾರುವುದಿಲ್ಲ, ಹಲವು ಪ್ರಭೇದಗಳ ನೆಲೆ ಬಹಳ ಕಿರಿದು. ಹಾಗಾಗಿ ಒಂದು ಕಾಡು ಎಷ್ಟು ಹಳೆಯದು, ಎಷ್ಟು ಕಾಲ ಅಖಂಡವಾಗಿತ್ತು ಎಂಬುದಕ್ಕೆ ಇವು ಸಾಕ್ಷಿ ಹೇಳಬಲ್ಲವು ಎಂಬ ವಾದವಿದೆ. ನನಗೆ ಇದು ಈ ಇಡೀ ಚರ್ಚೆಯ ಅತ್ಯಂತ ಆಶಾದಾಯಕ ಎಳೆ ಅನ್ನಿಸುತ್ತದೆ.

ಇನ್ನೂ ಬಗೆಹರಿಯದ್ದು

ಕುಟುಂಬದ ಸ್ಥಾನ ಇತ್ಯರ್ಥವಾಗಿಲ್ಲ. ಕಾಸಿಡೇಯನ್ನು ಒಡೆದು ಹೊಸ ಮನೆಗಳನ್ನು ಕಟ್ಟಬೇಕೋ, ಎಲ್ಲವನ್ನೂ ಒಂದೇ ಸೂರಿನಡಿ ತರಬೇಕೋ ಎಂಬುದರಲ್ಲಿ ಒಮ್ಮತವಿಲ್ಲ. ತೊಗಟೆ ಮೇಯುವ ಅಭ್ಯಾಸ ಎಷ್ಟು ಸಲ ಹುಟ್ಟಿತು ಎಂಬುದು ಗೊತ್ತಾಗಬೇಕು. ಕಟ್ಟಿಗೆ ತಿನ್ನುವ ಹುಳುವಿಗೆ ಸಾರಜನಕ ಎಲ್ಲಿಂದ ದಕ್ಕುತ್ತದೆ ಎಂಬುದೂ ಗೊತ್ತಾಗಬೇಕು. ಸೀಬೆಯಿಂದ ಶ್ರೀಗಂಧದವರೆಗೆ ಕಂಡದ್ದನ್ನೆಲ್ಲ ತಿನ್ನುವ ಒಂದೇ ಇಂಡಾರ್ಬೆಲಾ ಇದೆಯೋ, ಅಥವಾ ನೋಡಲು ಒಂದೇ ಥರ ಇರುವ, ಬೇರೆ ಬೇರೆ ಮರ ಹಿಡಿದ ಹಲವು ಪ್ರಭೇದಗಳು ಒಂದೇ ಹೆಸರಿನಡಿ ಸೇರಿಕೊಂಡಿವೆಯೋ? ನಮಗೆ ಹತ್ತಿರದ ಪ್ರಶ್ನೆ ಇದೇ, ಉತ್ತರವೂ ನಮ್ಮ ತೋಟಗಳಲ್ಲೇ ಸಿಗಬೇಕು.

ಅದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಹುಳುವಿಗಿಂತ ಪತಂಗದಲ್ಲಿ ಪ್ರಭೇದ ಗುರುತಿಸುವುದು ಸುಲಭ. ಏಪ್ರಿಲ್ ಹೊತ್ತಿಗೆ ಹುಳು ಸುರಂಗದಲ್ಲೇ ಕೋಶಕ್ಕೆ ತಿರುಗುತ್ತದೆ, ಮೇ-ಜೂನ್‌ನಲ್ಲಿ ಪತಂಗ ಹೊರಬರುತ್ತದೆ. ನಿಮ್ಮ ತೋಟದಲ್ಲಿ ಈ ಹುಳುವಿದ್ದರೆ ಈ ಬೇಸಿಗೆಯಲ್ಲಿ ಒಂದು ತೂತನ್ನಾದರೂ ಸೀಮೆಎಣ್ಣೆ ಹಾಕದೆ ಬಿಟ್ಟು, ಅದರ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ. ಸಿಕ್ಕ ಪತಂಗವನ್ನು ಒಣಗಿಸಿ, ಮರದ ಹೆಸರು, ಊರು, ದಿನಾಂಕ ಬರೆದ ಚೀಟಿಯೊಂದಿಗೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋಗೋ, ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೋ ತಲುಪಿಸಿ. ಚೀಟಿಯಿಲ್ಲದ ಪತಂಗ ಸಂಶೋಧಕನಿಗೆ ಉಪಯೋಗಕ್ಕೆ ಬಾರದು.